ಹಡಗಿನಿಂದಿಳಿದು ಸ್ಟಾಕ್‌ಹೋಮ್‌ನಲ್ಲಿ ಒಂದು ದಿನ: ಎಸ್‌ಎಲ್ ಟಿಕೆಟ್ಟೋ, ಹಾಪ್-ಆನ್ ಬಸ್ಸೋ, ಹಡಗಿನವರ ಟೂರೋ?

ಕೈಯಲ್ಲಿ ಏಳೆಂಟು ಗಂಟೆ ಇದ್ದರೆ ಎಸ್‌ಎಲ್ ಟಿಕೆಟ್ಟೇ ಸರಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಎಸ್‌ಎಲ್ ಅಂದರೆ ಸ್ಟಾಕ್‌ಹೋಮ್‌ನ ಸಾರಿಗೆ ವ್ಯವಸ್ಥೆ. ನಮ್ಮ ಬಿಎಂಟಿಸಿ, ಮೆಟ್ರೋ ಎರಡೂ ಒಂದೇ ಟಿಕೆಟ್‌ನಲ್ಲಿ ಸಿಕ್ಕ ಹಾಗೆ, ಜೊತೆಗೆ ಟ್ರಾಮ್, ಲೋಕಲ್ ರೈಲು, ದೋಣಿ. 2025ರ ದರದಲ್ಲಿ ದೊಡ್ಡವರಿಗೆ ಬಿಡಿ ಟಿಕೆಟ್ 43 ಕ್ರೋನ (ಸ್ವೀಡನ್ನಿನ ನಾಣ್ಯ) ಇತ್ತು. 75 ನಿಮಿಷದೊಳಗೆ ಎಷ್ಟು ಸಲ ಬೇಕಾದರೂ ಬದಲಿಸಿ ಹತ್ತಬಹುದು. 24 ಗಂಟೆಯ ಟಿಕೆಟ್ ಆಗ 180. ನಾಲ್ಕು ಬಿಡಿ ಟಿಕೆಟ್‌ಗೆ 172 ಆಗುತ್ತಿತ್ತು, ಆ ಲೆಕ್ಕದಲ್ಲಿ ಐದನೆಯದು ಬೇಕಾಗುವ ದಿನ ಮಾತ್ರ 24 ಗಂಟೆಯದು ಲಾಭ.

ಹಾಪ್-ಆನ್ ಅಂದರೆ ಬೇಕಾದಲ್ಲಿ ಇಳಿದು ಮತ್ತೆ ಹತ್ತಬಹುದಾದ ಪ್ರವಾಸಿ ಬಸ್ಸು, ದೋಣಿ. ಇವುಗಳ ತೊಂದರೆ ಒಂದೇ: ಸುತ್ತುವುದು ಒಂದೇ ದಿಕ್ಕಿಗೆ. ಒಂದು ನಿಲ್ದಾಣ ಹಿಂದಕ್ಕೆ ಹೋಗಬೇಕಿದ್ದರೂ ಪೂರ್ತಿ ಸುತ್ತು ಹಾಕಲೇಬೇಕು. ಎರಡು ಮೂರು ಹಡಗು ಒಟ್ಟಿಗೆ ಬಂದ ದಿನ ಬೆಳಗ್ಗೆ ಹಡಗುಕಟ್ಟೆಯ ನಿಲ್ದಾಣದಲ್ಲೇ ಸೀಟು ತುಂಬಿಹೋಗುತ್ತದೆ, ಮುಂದಿನ ನಿಲ್ದಾಣದವರು ಕಾಯುತ್ತಾರೆ. ಇಳಿಯದೆ ಕೂತು ಊರು ನೋಡುತ್ತೇನೆ ಅನ್ನುವವರಿಗೆ ಮಾತ್ರ ಸರಿ.

ಎಸ್‌ಎಲ್‌ನಲ್ಲೂ ಕಿರಿಕಿರಿ ಇದೆ, ಅದು ಟಿಕೆಟ್ ಕೊಳ್ಳುವಲ್ಲಿ. ಭಾರತದ ಕಾರ್ಡ್ ಇಟ್ಟುಕೊಂಡವರಿಗೆ ಇದು ಇನ್ನೂ ಜಾಸ್ತಿ. ಆ್ಯಪ್‌ನಲ್ಲಿ ಕೊಳ್ಳಲು ಹೋದರೆ ಬ್ಯಾಂಕ್ ಒಟಿಪಿ ಕೇಳುತ್ತದೆ. ಹಡಗಿನ ವೈಫೈಗೆ ದುಡ್ಡು ಕೊಟ್ಟಿದ್ದರೂ ಎಸ್‌ಎಂಎಸ್ ಬರಬೇಕಾದರೆ ಸಿಮ್‌ಗೆ ರೋಮಿಂಗ್ ಇರಬೇಕು. ಸಮುದ್ರದ ಮಧ್ಯೆ ಫೋನ್ ಹಿಡಿಯುವುದು ಹಡಗಿನದೇ ನೆಟ್‌ವರ್ಕ್. ಮಾಮೂಲಿ ರೋಮಿಂಗ್ ಪ್ಯಾಕ್ ಅದಕ್ಕೆ ಅನ್ವಯಿಸದಿದ್ದರೆ ಬಿಲ್ ಏರುತ್ತದೆ. ಆದ್ದರಿಂದ ಆ್ಯಪ್ ನೆಚ್ಚಿಕೊಳ್ಳಬೇಡಿ.

ಬಿಡಿ ಟಿಕೆಟ್‌ಗೆ ಮೆಟ್ರೋ ಗೇಟಿನಲ್ಲೋ ಬಸ್ಸಿನಲ್ಲೋ ವೀಸಾ ಅಥವಾ ಮಾಸ್ಟರ್‌ಕಾರ್ಡ್ ತಾಗಿಸಿದರೆ ಮುಗಿಯಿತು, ಒಟಿಪಿ ಇಲ್ಲ. ಆದರೆ ಒಂದು ಕಾರ್ಡಿಗೆ ಒಬ್ಬರೇ. ಗಂಡ ಹೆಂಡತಿ ಇಬ್ಬರಿದ್ದರೆ ಎರಡು ಕಾರ್ಡ್ ಬೇಕು. ಮೊದಲ ಸಲ ಯಾವುದನ್ನು ತಾಗಿಸಿದಿರೋ 75 ನಿಮಿಷ ಅದನ್ನೇ ತಾಗಿಸಿ. ಒಮ್ಮೆ ಪ್ಲಾಸ್ಟಿಕ್ ಕಾರ್ಡ್, ಮತ್ತೊಮ್ಮೆ ಅದೇ ಖಾತೆಯ ಫೋನ್ ಅಂದರೆ ಯಂತ್ರಕ್ಕೆ ಅವು ಎರಡು ಬೇರೆ ಬೇರೆ, ಇನ್ನೊಂದು ಟಿಕೆಟ್ಟಿನ ದುಡ್ಡು ಹೋಗುತ್ತದೆ. ಊರು ಬಿಡುವ ಮೊದಲೇ ಬ್ಯಾಂಕಿನ ಆ್ಯಪ್‌ನಲ್ಲಿ ‘ವಿದೇಶಿ ಬಳಕೆ’ ಮತ್ತು ‘ಕಾಂಟ್ಯಾಕ್ಟ್‌ಲೆಸ್’ ಎರಡನ್ನೂ ಆನ್ ಮಾಡಿ. ಒಂದನ್ನು ಮರೆತರೂ ಗೇಟ್ ತೆರೆಯುವುದಿಲ್ಲ.

24 ಗಂಟೆಯದು ಬೇಕಿದ್ದರೆ ಮೆಟ್ರೋ ನಿಲ್ದಾಣದ ಯಂತ್ರ ಅಥವಾ ಪ್ರೆಸ್‌ಬ್ಯೂರೋನ್ ಅಂಗಡಿ. ಕಾರ್ಡಿನ ಪಿನ್ ಗೊತ್ತಿರಲಿ. ನಗದು ಬದಲಿಸಿಕೊಳ್ಳುವುದು ದಂಡ. ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದೇ ಇಲ್ಲ.

ಹಡಗು ಪಟ್ಟಣದೊಳಗಿನ ಸ್ಟಾಡ್ಸ್‌ಗೋರ್ಡೆನ್ ಹಡಗುಕಟ್ಟೆಯಲ್ಲಿ ನಿಂತರೆ ನೀರಿನ ಅಂಚಿನಲ್ಲೇ ಸ್ಲುಸೆನ್ ಮೆಟ್ರೋ ನಿಲ್ದಾಣದವರೆಗೆ ನಡೆಯಿರಿ. ಯೂರ್ಗೋರ್ಡೆನ್ ದ್ವೀಪಕ್ಕೆ ಹೋಗುವ 82ನೇ ನಂಬರ್ ದೋಣಿಯ ಕಟ್ಟೆ ಹೆಸರಿಗೆ ಸ್ಲುಸೆನ್, ಆದರೆ ಇರುವುದು ಹಳೇ ಪೇಟೆ ಗಮ್ಲಾ ಸ್ತಾನ್ ಕಡೆಯ ದಡದಲ್ಲಿ. ಮೆಟ್ರೋ ಬಾಗಿಲ ಮುಂದೆ ಹುಡುಕಿದರೆ ಒಂದು ದೋಣಿ ತಪ್ಪುತ್ತದೆ. ಹತ್ತು ನಿಮಿಷದ ಪಯಣ. ಇದೇ ನೋಟಕ್ಕೆ ಹಾಪ್-ಆನ್ ದೋಣಿಯವರು ಬೇರೆ ದುಡ್ಡು ಕೇಳುತ್ತಾರೆ. ಇಳಿದು ಸ್ವಲ್ಪ ನಡೆದರೆ ವಾಸಾ ಮ್ಯೂಸಿಯಂ.

ಬೇಸಿಗೆಯಲ್ಲಿ, ಅಂದರೆ ಜೂನ್‌ನಿಂದ ಆಗಸ್ಟ್‌ವರೆಗೆ, ಮ್ಯೂಸಿಯಂ ತೆರೆಯುವುದು 8:30ಕ್ಕೆ. ಟೂರ್ ಬಸ್ಸುಗಳಿಗಿಂತ ಮೊದಲು ತಲುಪಬೇಕು ಅನ್ನುವುದಕ್ಕೇ ನಾನು ಎಸ್‌ಎಲ್ ಪಕ್ಷ. 1628ರ ಆಗಸ್ಟ್ 10ರಂದು ಮೊದಲ ಪಯಣದಲ್ಲೇ ಮುಳುಗಿ, 1961ರಲ್ಲಿ ಮೇಲೆದ್ದ ವಾಸಾ ಹಡಗು ಇರುವುದು ಇಲ್ಲೇ. 69 ಮೀಟರ್ ಉದ್ದ. ಅದರ ಹಿಂಭಾಗದ ಕೆತ್ತನೆಯನ್ನು ಎಲ್ಲ ಮಹಡಿಗಳಿಂದಲೂ ನೋಡಲು ಎರಡು ಗಂಟೆ ಬೇಕೇ ಬೇಕು. ಗುಂಪಿನ ಟೂರ್‌ನಲ್ಲಿ ಅಷ್ಟು ಹೊತ್ತು ಬಿಡುವುದಿಲ್ಲ. ಹಡಗಿನ ಮರ ಕೆಡದಂತೆ ಒಳಗೆ ತಂಪಾಗಿಟ್ಟಿರುತ್ತಾರೆ, ಸ್ವೆಟರ್ ಇರಲಿ. 18 ವರ್ಷದವರೆಗಿನ ಮಕ್ಕಳಿಗೆ ಪ್ರವೇಶ ಉಚಿತ.

ಆಮೇಲೆ 7ನೇ ನಂಬರ್ ಟ್ರಾಮ್ ಹಿಡಿದು ಪೇಟೆ ಮಧ್ಯಕ್ಕೆ ಬಂದು, ಟಿ-ಸೆಂತ್ರಾಲೆನ್ ನಿಲ್ದಾಣದ ನೀಲಿ ಮಾರ್ಗಕ್ಕೆ ಇಳಿಯಿರಿ. ಬಂಡೆಯ ಗೋಡೆ ತುಂಬ ನೀಲಿ ಬಳ್ಳಿಗಳ ಚಿತ್ರ. ಅಲ್ಲಿಂದ ಒಂದೇ ನಿಲ್ದಾಣ ದೂರದ ರೋಡ್‌ಹ್ಯೂಸೆಟ್, ಕೆಂಪು ಗುಹೆಯಂತಿದೆ. ಬಸ್ ಟೂರ್‌ನವರಿಗೆ ಕಿಟಕಿಯಿಂದ ಇದ್ಯಾವುದೂ ಕಾಣುವುದಿಲ್ಲ.

ಹಡಗಿನವರ ಟೂರ್ ದುಬಾರಿ. ಆದರೆ ಮಂಡಿನೋವಿನ ಅಮ್ಮನನ್ನು ಕರೆದುಕೊಂಡು ಹೋದರೆ ನಾನೂ ಅದನ್ನೇ ಆರಿಸುತ್ತೇನೆ. ಗಮ್ಲಾ ಸ್ತಾನ್ ಪೂರ್ತಿ ಕಲ್ಲುಹಾಸು. ಟೂರ್ ತಡವಾದರೆ ಹಡಗು ಕಾಯುತ್ತದೆ ಅನ್ನುವ ನೆಮ್ಮದಿಯೂ ಇದೆ.

ಹಡಗು ಪಟ್ಟಣದಲ್ಲಲ್ಲ, ಸುಮಾರು 60 ಕಿ.ಮೀ. ದಕ್ಷಿಣದ ನೀನೆಸ್‌ಹಾಮ್ನ್‌ನಲ್ಲಿ ನಿಂತರೆ? ಅಲ್ಲಿಗೂ ಎಸ್‌ಎಲ್ ಟಿಕೆಟ್ ನಡೆಯುತ್ತದೆ, ಲೋಕಲ್ ರೈಲಿನಲ್ಲಿ ಒಂದು ಗಂಟೆ. ಮರಳುವಾಗ ದಡದಿಂದ ಹಡಗಿಗೆ ಕರೆದೊಯ್ಯುವ ಕೊನೆಯ ಸಣ್ಣ ದೋಣಿಯ ಸಮಯ ನೋಡಿ, ಅದಕ್ಕಿಂತ ಎರಡೂವರೆ ಗಂಟೆ ಮೊದಲೇ ಸ್ಟಾಕ್‌ಹೋಮ್ ಸಿಟಿ ನಿಲ್ದಾಣದಲ್ಲಿರಿ. ಒಂದು ರೈಲು ತಪ್ಪಿದರೂ ಮುಂದಿನದು ಸಿಗುತ್ತದೆ.