ಮಣಿಕಟ್ಟಿನ ಟಿಆರ್ ಬ್ಯಾಂಡ್: 8 ವರ್ಷ ಕಟ್ಟಿದ ಮೇಲೆ

ಕ್ಯಾತ್ ಲ್ಯಾಬ್ (ಹೃದಯದ ರಕ್ತನಾಳಗಳ ಪರೀಕ್ಷೆ, ಚಿಕಿತ್ಸೆ ಮಾಡುವ ಕೋಣೆ) ನರ್ಸ್ ನಾನು. 8 ವರ್ಷದಿಂದ ಟೆರುಮೊ ಕಂಪನಿಯ ಟಿಆರ್ ಬ್ಯಾಂಡ್ ಬಳಸುತ್ತಿದ್ದೇನೆ. ಆಂಜಿಯೋಗ್ರಾಮ್ ಮುಗಿದು ಮಣಿಕಟ್ಟಿನಿಂದ ಶೀತ್ (ರಕ್ತನಾಳದೊಳಗೆ ಇಟ್ಟ ತೆಳು ಕೊಳವೆ) ತೆಗೆದ ಮೇಲೆ, ರಕ್ತನಾಳದ ತೂತು ಮುಚ್ಚಿಕೊಳ್ಳುವ ತನಕ ಒತ್ತಿ ಹಿಡಿಯುವ ಪಟ್ಟಿ ಇದು.

ಮೊದಲು ಜಾಸ್ತಿ ಜನರಿಗೆ ತೊಡೆಸಂದಿನಿಂದಲೇ ಮಾಡುತ್ತಿದ್ದರು. ಶೀತ್ ತೆಗೆದು 15-20 ನಿಮಿಷ ಕೈಯಲ್ಲೇ ಒತ್ತಬೇಕಿತ್ತು. ಬೆರಳು ಮರಗಟ್ಟುತ್ತಿತ್ತು. ಆಮೇಲೆ ಮರಳಿನ ಚೀಲ, ನಾಲ್ಕರಿಂದ ಆರು ಗಂಟೆ ಕಾಲು ಮಡಚದೆ ಮಲಗುವ ಕಷ್ಟ. ಬೆನ್ನುನೋವಿನ ಅಜ್ಜಿಯರು "ಒಂದ್ಸಲ ಮಗ್ಗುಲಾಗ್ತೀನಿ ಕಣಮ್ಮಾ" ಅಂತ ಬೇಡುವಾಗ ಬೇಡ ಅನ್ನೋಕೆ ಮನಸ್ಸೇ ಬರುತ್ತಿರಲಿಲ್ಲ. ಈಗ ಅದೇ ವಯಸ್ಸಿನವರು ಬ್ಯಾಂಡ್ ಕಟ್ಟಿಕೊಂಡೇ ಎದ್ದು ಕೂತು ಇನ್ನೊಂದು ಕೈಯಲ್ಲಿ ಕಾಫಿ ಕುಡಿಯುತ್ತಾರೆ.

ಬ್ಯಾಂಡ್ ಗಾಜಿನ ಹಾಗಿದೆ, ಒಳಗಿನದೆಲ್ಲ ಕಾಣುತ್ತದೆ. ನಡುವೆ ಹಸಿರು ಗುರುತು ಇದೆ. ಅದನ್ನು ಚರ್ಮದ ತೂತಿನ ಮೇಲೇ ಇಡಬೇಡಿ, ಒಂದೆರಡು ಮಿಲಿಮೀಟರ್ ಮೊಣಕೈ ಕಡೆಗೆ ಸರಿಸಿ. ಸೂಜಿ ಓರೆಯಾಗಿ ಹೋಗಿರುತ್ತದೆ, ನಾಳದ ತೂತು ಅಲ್ಲಿರುತ್ತದೆ. ಬ್ಯಾಂಡಿನ ಬಲೂನಿಗೆ ಸಿರಿಂಜಿನಿಂದ 13ರಿಂದ 15 ಎಂಎಲ್ ಗಾಳಿ ತುಂಬಿ ಶೀತ್ ಎಳೆಯಿರಿ. ಆಮೇಲೆ ನಿಧಾನಕ್ಕೆ ಗಾಳಿ ತೆಗೆಯುತ್ತಾ ಬನ್ನಿ. ಒಂದು ಹನಿ ರಕ್ತ ಕಂಡ ಕೂಡಲೇ ಒಂದೆರಡು ಎಂಎಲ್ ವಾಪಸ್ ತುಂಬಿ. ಒಟ್ಟು ಗಾಳಿ 18 ಎಂಎಲ್ ದಾಟಬಾರದು.

ಬಿಗಿ ಇದ್ದಷ್ಟೂ ಒಳ್ಳೇದು ಅಂತ ಹೊಸಬರು ಅಂದುಕೊಳ್ಳುತ್ತಾರೆ. ಹಾಗಲ್ಲ. ನಾಳ ಪೂರ್ತಿ ಅದುಮಿಹೋದರೆ ಒಳಗೆ ರಕ್ತ ಹೆಪ್ಪುಗಟ್ಟಿ ನಾಳವೇ ಮುಚ್ಚಿಹೋಗಬಹುದು. ಅಂಗೈಗೆ ಇನ್ನೊಂದು ನಾಳದಿಂದಲೂ ರಕ್ತ ಬರುತ್ತದೆ, ಹಾಗಾಗಿ ಎಷ್ಟೋ ಸಲ ರೋಗಿಗೆ ಗೊತ್ತೇ ಆಗುವುದಿಲ್ಲ. ಮುಂದೆ ಸ್ಟೆಂಟ್ ಹಾಕಲು ಅದೇ ಕೈ ಹಿಡಿದಾಗ ನಾಡಿ ಸಿಗುವುದಿಲ್ಲ, ಅಲ್ವಾ? ಅದಕ್ಕೇ ನಾನು ಹೆಬ್ಬೆರಳಿಗೆ ಆಕ್ಸಿಮೀಟರ್ ಹಾಕಿ, ಕಿರುಬೆರಳಿನ ಕಡೆಯ ನಾಳವನ್ನು ಒತ್ತಿ ನೋಡುತ್ತೇನೆ. ಪರದೆಯಲ್ಲಿ ನಾಡಿಯ ಅಲೆ ಏಳುತ್ತಿದ್ದರೆ ಸರಿ, ಬ್ಯಾಂಡಿನ ಕೆಳಗಿನ ನಾಳದಲ್ಲಿ ರಕ್ತ ಹರಿಯುತ್ತಿದೆ ಅಂತ. ಗೆರೆ ಚಪ್ಪಟೆಯಾದರೆ ಇನ್ನಷ್ಟು ಗಾಳಿ ತೆಗೆಯುತ್ತೇನೆ.

ದಪ್ಪ ಮಣಿಕಟ್ಟಿನವರಿಗೆ 24 ಸೆಂಟಿಮೀಟರ್‌ನದು ಸಾಲುವುದಿಲ್ಲ, 29ರದನ್ನೂ ತರಿಸಿಡಿ. ಕಾಲಿನ ಕೇಸುಗಳಿಗೆ ಇದು ಆಗುವುದಿಲ್ಲ. ಅಲ್ಲಿ ಕೈಯಲ್ಲೇ ಒತ್ತಬೇಕು, ಇಲ್ಲವೇ ನಾಳದ ತೂತು ಮುಚ್ಚುವ ಕೊಲಾಜೆನ್ ಬಿರಡೆಯೋ ಹೊಲಿಗೆಯೋ ಬೇಕು.

ಗಾಳಿ ತುಂಬುವ ಸಿರಿಂಜಿನ ಮೂತಿ ಬೇರೆ ಥರ, ಮಾಮೂಲಿ ಸಿರಿಂಜ್ ಕೂರುವುದಿಲ್ಲ. ಒಂದು ಸಂಜೆ ನಾವು ಅದನ್ನು ಲ್ಯಾಬಿನಲ್ಲೇ ಮರೆತು ರೋಗಿಯನ್ನು ವಾರ್ಡಿಗೆ ಕಳಿಸಿಬಿಟ್ಟೆವು. ಗಾಜಿನಂಥ ಆ ಪಟ್ಟಿಯ ಕೆಳಗೆ ರಕ್ತ ಹರಡತೊಡಗಿತು. ಗಾಳಿ ತುಂಬೋಣ ಅಂದರೆ ಸಿರಿಂಜ್ ಇಲ್ಲ. ವಾರ್ಡಿನ ಹುಡುಗಿ ಹೆಬ್ಬೆರಳಿನಿಂದ ಒತ್ತಿ ನಿಂತಳು, ನಾನು ಎರಡು ಮಹಡಿ ಓಡಿ ತಂದೆ. ಈಗ ಸಿರಿಂಜನ್ನು ಕೇಸ್ ಶೀಟಿಗೇ ಟೇಪ್ ಹಾಕಿ ಕಳಿಸುತ್ತೇವೆ.