ಸಕ್ಷನ್ ಕಪ್ಪೋ ಮೃದು ಬೆರಳೋ: ಹಣ್ಣು ತುಂಬುವ ರೋಬೋಟ್‌ನ ಕೈ

ತಾಜಾ ಹಣ್ಣು ತರಕಾರಿಗಳನ್ನು ಟ್ರೇಗೆ ತುಂಬುವ ರೋಬೋಟ್ ಕೊಳ್ಳಲು ಹೊರಟವರು ಮೊದಲು ವಿಚಾರಿಸುವುದು ನಿಮಿಷಕ್ಕೆ ಎಷ್ಟು ಹಣ್ಣು ಎಂಬುದನ್ನು. ನಾನು ಕೇಳುವುದು ಬೇರೆ: ಎತ್ತಿದ ಹಣ್ಣನ್ನು ಅದು ಹೇಗೆ ಕೆಳಗಿಡುತ್ತದೆ? ಒಂದೇ ತೋಳು, ಒಂದೇ ಕ್ಯಾಮೆರಾ ಇಟ್ಟುಕೊಂಡು ತುದಿಯ ಹಿಡಿಕೆಯನ್ನಷ್ಟೇ ಬದಲಿಸುತ್ತ ಸೇಬು, ಟೊಮೆಟೊ, ಪೀಚ್, ದಪ್ಪ ಮೆಣಸಿನಕಾಯಿಗಳ ಮೇಲೆ ಎರಡು ಬಗೆಯ ಹಿಡಿಕೆಗಳನ್ನು ಪರೀಕ್ಷಿಸಿದ್ದೇನೆ. ಒಂದು, ಗಾಳಿ ಹೀರಿ ಹಣ್ಣನ್ನು ಮೇಲಿನಿಂದ ಎತ್ತುವ ಸಕ್ಷನ್ ಕಪ್. ಇನ್ನೊಂದು, ಒಳಗೆ ಗಾಳಿ ತುಂಬಿದಾಗ ಬಾಗಿ ಹಣ್ಣನ್ನು ಬಳಸಿ ಹಿಡಿಯುವ ಸಿಲಿಕೋನ್ ಬೆರಳುಗಳು.

ಸೇಬಿನ ವಿಷಯದಲ್ಲಿ ಸಕ್ಷನ್ ಕಪ್ ಅನ್ನು ಮೀರಿಸುವುದು ಕಷ್ಟ. ಸಿಪ್ಪೆ ನುಣುಪು, ಆಕಾರ ದುಂಡು. ಕಪ್‌ನ ಅಂಚು ಸುತ್ತಲೂ ಸಂದಿಲ್ಲದೆ ಕೂರುತ್ತದೆ. ಲೆಕ್ಕವೂ ಸರಳ. 30 ಮಿಲಿಮೀಟರ್ ವ್ಯಾಸದ ಕಪ್‌ನೊಳಗೆ ಹೊರಗಿಗಿಂತ 20 ಕಿಲೋಪ್ಯಾಸ್ಕಲ್ ಕಡಿಮೆ ಒತ್ತಡವಿದ್ದರೆ ಸುಮಾರು 14 ನ್ಯೂಟನ್ ಬಲ ಸಿಗುತ್ತದೆ. 200 ಗ್ರಾಂ ಸೇಬಿನ ಭಾರ ಸುಮಾರು 2 ನ್ಯೂಟನ್ ಮಾತ್ರ. ಆದರೆ ತೋಳು ಗುರುತ್ವದ ಐದು ಪಟ್ಟು ವೇಗೋತ್ಕರ್ಷದಲ್ಲಿ ಮೇಲೆತ್ತಿದರೆ ಅದೇ ಸೇಬಿಗೆ 12 ನ್ಯೂಟನ್ ಬೇಕು. ಧಾರಾಳವಾಗಿ ಕಂಡದ್ದು ಅಲ್ಲಿಗೆ ಮುಗಿಯಿತು. ಪಕ್ಕಕ್ಕೆ ಸಾಗುವಾಗ ಹಣ್ಣು ಜಾರದಂತೆ ತಡೆಯುವುದು ಮುಖ್ಯವಾಗಿ ಘರ್ಷಣೆ. ತೊಳೆದು ಇನ್ನೂ ಆರದ ಹಣ್ಣಿನಲ್ಲಿ ಅದೂ ಕಡಿಮೆ. ಹೀರುವ ಬಲ ಹೆಚ್ಚಿಸಿದರೆ ಹಣ್ಣು ನಿಲ್ಲುತ್ತದೆ ನಿಜ, ಮೆತ್ತನೆಯ ಟೊಮೆಟೊ ಮೇಲೆ ಉಂಗುರದ ಗುರುತೂ ನಿಲ್ಲುತ್ತದೆ.

ಪೀಚ್‌ನ ನವಿರಾದ ರೋಮದ ನಡುವೆ ಗಾಳಿ ನುಸುಳುತ್ತದೆ. ದಪ್ಪ ಮೆಣಸಿನಕಾಯಿಯ ಏಣುಗಳ ಮೇಲೆ ಕಪ್‌ನ ಒಂದು ಬದಿ ಎದ್ದೇ ಇರುತ್ತದೆ. ಮಡಿಕೆಗಳಿರುವ ಕಪ್ ಹಾಕಿದರೆ ಸ್ವಲ್ಪ ಸುಧಾರಿಸುತ್ತದೆ, ನೆಚ್ಚಿಕೊಳ್ಳುವಷ್ಟಲ್ಲ.

ಈ ಎರಡರಲ್ಲೂ ಬೆರಳುಗಳೇ ಗೆದ್ದವು. ಅವು ತಾಗುವ ಜಾಗ ದೊಡ್ಡದು, ಒತ್ತಡ ಹಂಚಿಹೋಗುತ್ತದೆ. ಕ್ಯಾಮೆರಾ ಹಣ್ಣಿನ ಮಧ್ಯವನ್ನು ಕೊಂಚ ತಪ್ಪಾಗಿ ಗುರುತಿಸಿದರೂ ಮುಚ್ಚಿಕೊಳ್ಳುವಾಗ ಹಣ್ಣನ್ನು ತಾವೇ ನಡುವಿಗೆ ತಂದುಕೊಳ್ಳುತ್ತವೆ. ಈ ಕ್ಷಮಾಗುಣ ನನಗೆ ಬಹಳ ಹಿಡಿಸಿತು, ಏಕೆಂದರೆ ಹೊಲದಿಂದ ಬರುವ ಎರಡು ಕಾಯಿಗಳು ಎಂದೂ ಒಂದೇ ಆಕಾರದಲ್ಲಿರುವುದಿಲ್ಲ. ಆದರೆ ಬೆರಳಿಗೆ ಸುತ್ತಲೂ ಜಾಗ ಬೇಕು. ಬೆಲ್ಟ್ ಮೇಲೆ ಹಣ್ಣುಗಳು ಒತ್ತಿಕೊಂಡು ಬಂದರೆ ಮೊದಲು ಅವನ್ನು ಬಿಡಿಬಿಡಿಯಾಗಿ ಸಾಗಿಸುವ ವ್ಯವಸ್ಥೆ ಮಾಡಬೇಕು. ಗುಳಿಗಳು ಹತ್ತಿರವಿರುವ ಟ್ರೇಯಲ್ಲಿ ಕೊನೆಯ ಹಣ್ಣನ್ನು ಇಡುವಾಗ ಬೆರಳು ಬಿಚ್ಚಿಕೊಂಡು ಪಕ್ಕದ ಹಣ್ಣನ್ನು ನೂಕುತ್ತದೆ. ಮೇಲಿನಿಂದಲೇ ಬಂದು ಹೋಗುವ ಕಪ್‌ಗೆ ಈ ತೊಂದರೆಯೇ ಇಲ್ಲ.

ಇನ್ನು ಕೆಳಗಿಡುವ ಮಾತು. ನನ್ನ ಮಟ್ಟಿಗೆ ಹೋಲಿಕೆಯ ತಿರುಳು ಇಲ್ಲಿದೆ. ಹೀರುವುದನ್ನು ನಿಲ್ಲಿಸಿದ ಮೇಲೂ ಹಣ್ಣು ಒಂದು ಕ್ಷಣ ಕಪ್‌ಗೆ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಲು ಗಾಳಿಯನ್ನು ಹಿಂದಕ್ಕೆ ಊದುತ್ತಾರೆ. ಊದುವಿಕೆ ಜೋರಾದರೆ, ಅಥವಾ ಸಮಯ ಉಳಿಸಲೆಂದು ಟ್ರೇ ಮುಟ್ಟುವ ಮೊದಲೇ ಬಿಟ್ಟರೆ, ಹಣ್ಣು ಬೀಳುತ್ತದೆ. 10 ಸೆಂಟಿಮೀಟರ್ ಎತ್ತರದಿಂದ ಬಿದ್ದ ಹಣ್ಣು ತಳ ಮುಟ್ಟುವಾಗ ಸೆಕೆಂಡಿಗೆ ಸುಮಾರು 1.4 ಮೀಟರ್ ವೇಗದಲ್ಲಿರುತ್ತದೆ. ಎತ್ತರವನ್ನು 2 ಸೆಂಟಿಮೀಟರಿಗೆ ಇಳಿಸಿದರೆ ಪೆಟ್ಟಿನ ಶಕ್ತಿ ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ಬೆರಳುಗಳು ಹಣ್ಣನ್ನು ತಳಕ್ಕೆ ತಾಗಿಸಿ ಬಿಡಬಲ್ಲವು. ಬಿಚ್ಚಿಕೊಳ್ಳಲು ಜಾಗವಿದ್ದಾಗ ಇದರಲ್ಲಿ ಅವುಗಳಿಗೆ ಸಾಟಿಯಿಲ್ಲ.

ಮಾರಾಟಗಾರರ ಪ್ರದರ್ಶನ ನೋಡಿ ತೀರ್ಮಾನಿಸಬೇಡಿ ಎಂದು ನಾನು ಒತ್ತಿ ಹೇಳುವುದೂ ಇದೇ ಕಾರಣಕ್ಕೆ. ಪೆಟ್ಟು ಬಿದ್ದ ಸೇಬಿನಲ್ಲಿ ಜೀವಕೋಶಗಳು ಒಡೆದು, ಕಿಣ್ವವೂ ಫಿನಾಲ್‌ಗಳೂ ಬೆರೆತು, ಆಮ್ಲಜನಕದ ಜೊತೆ ವರ್ತಿಸಿ ಕಂದಾಗಲು ಹೊತ್ತು ಬೇಕು. ಯಂತ್ರದ ಎದುರು ಚೆನ್ನಾಗಿಯೇ ಕಂಡ ಹಣ್ಣು ಮರುದಿನ ಸಿಪ್ಪೆ ಸುಲಿದಾಗ ನಿಜ ಹೇಳುತ್ತದೆ. ಪ್ರತಿ ಹಿಡಿಕೆಯಿಂದ ತುಂಬಿದ ಹಣ್ಣನ್ನು ಬೇರೆ ಬೇರೆ ಇಟ್ಟು, ಕೈಯಿಂದ ತುಂಬಿದ ಒಂದು ಟ್ರೇಯನ್ನೂ ಪಕ್ಕದಲ್ಲಿಟ್ಟು, ಮರುದಿನ ಸುಲಿದು ನೋಡಿ.

ಶುಚಿತ್ವದಲ್ಲಿ ಕಪ್ ಹಿಂದೆ. ಕೊಳೆತ ಹಣ್ಣೊಂದು ಸಿಕ್ಕರೆ ರಸವೂ ಬೂಷ್ಟಿನ ಬೀಜಕಣಗಳೂ ಕೊಳವೆಯೊಳಗೆ ಹೋಗುತ್ತವೆ. ಸೋಸುಕವಿರಲೇಬೇಕು, ಅದನ್ನು ತೊಳೆಯುವವರೂ ಇರಬೇಕು. ಸಿಲಿಕೋನ್ ಬೆರಳನ್ನು ಹೊರಗಿನಿಂದ ತೊಳೆದರೆ ಸಾಕು, ಮಡಿಕೆಗಳ ಸಂದಿಯನ್ನು ಮಾತ್ರ ಮರೆಯುವಂತಿಲ್ಲ. ಬೆರಳು ಸವೆದು ಹರಿಯುತ್ತದೆ ಎಂಬುದೂ ನಿಜ.

ತೋಳಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ರೇಮಂಡ್ ಕ್ಲಾವೆಲ್ 1980ರ ದಶಕದಲ್ಲಿ ರೂಪಿಸಿದ ಡೆಲ್ಟಾ ರೋಬೋಟ್‌ನಲ್ಲಿ ಮೋಟಾರುಗಳು ಮೇಲೆ ಸ್ಥಿರವಾಗಿದ್ದು ತೋಳುಗಳು ಹಗುರವಾಗಿರುವುದರಿಂದ ವೇಗ ಬಹಳ. ಸೇಬಿಗೆ ಅದಕ್ಕೆ ಸಕ್ಷನ್ ಕಪ್ ಜೋಡಿಸುತ್ತೇನೆ, ವೇಗವನ್ನು ಗರಿಷ್ಠಕ್ಕೆ ಏರಿಸದೆ. ದಿನಕ್ಕೊಂದು ಬೆಳೆ ಬರುವ ಕಡೆ ಜನರ ಪಕ್ಕದಲ್ಲಿ ನಿಧಾನವಾಗಿ ಕೆಲಸ ಮಾಡುವ ಸಹಯೋಗಿ ತೋಳೂ ಸಿಲಿಕೋನ್ ಬೆರಳೂ ಒಳ್ಳೆಯ ಜೋಡಿ. ಕ್ಯಾಮೆರಾದ ಚಿತ್ರದಲ್ಲಿ ಹಣ್ಣನ್ನು ಗುರುತಿಸಲು ಕಲಿಯುವ ತಂತ್ರಾಂಶಕ್ಕೆ ಹೊಸ ತಳಿಯ ಚಿತ್ರಗಳನ್ನು ತೋರಿಸುತ್ತಿದ್ದರೆ ಅದು ಎರಡಕ್ಕೂ ಸಮನಾಗಿ ನೆರವಾಗುತ್ತದೆ. ಒದ್ದೆ ಸಿಪ್ಪೆಯ ಹೊಳಪು ಎರಡಕ್ಕೂ ಸಮನಾಗಿ ಕಾಡುತ್ತದೆ.

ಸೊಪ್ಪಿನ ಕಟ್ಟು, ದ್ರಾಕ್ಷಿಯ ಗೊಂಚಲು ಇವುಗಳಿಗೆ ನಾನು ಎರಡನ್ನೂ ಶಿಫಾರಸು ಮಾಡುವುದಿಲ್ಲ. ಕಪ್‌ಗೆ ಅಲ್ಲಿ ಕೂರಲು ನುಣುಪಾದ ಜಾಗವಿಲ್ಲ. ಬೆರಳು ತಾಗಿದರೆ ದ್ರಾಕ್ಷಿಯ ಮೇಲಿನ ಬೂದಿಯಂಥ ತೆಳು ಮೇಣದ ಪದರ ಅಳಿಸಿ ಹಣ್ಣು ಹಳತಾದಂತೆ ಕಾಣುತ್ತದೆ. ಅವನ್ನು ತುಂಬುವ ಮೇಜಿನಲ್ಲಿ ಪಳಗಿದ ಕೆಲಸಗಾರರನ್ನೇ ಉಳಿಸಿಕೊಳ್ಳಿ.