ದುಬಾರಿ ಡ್ಯಾಶ್ ಕ್ಯಾಮೆರಾ ಬಳ್ಳಾರಿಯ ಬಿಸಿಲಿಗೆ ತಕ್ಕದ್ದೇ?

ಕಾರಿನ ಮುಂಗಾಜಿನ ಬಳಿ ಕೂತು ರಸ್ತೆಯನ್ನು ಚಿತ್ರೀಕರಿಸುವ ಡ್ಯಾಶ್ ಕ್ಯಾಮೆರಾಗಳಲ್ಲಿ ಇಪ್ಪತ್ತು ಸಾವಿರ ರೂಪಾಯಿ ಮೀರಿದ 4ಕೆ (ಅತಿ ಸ್ಪಷ್ಟ ಚಿತ್ರದ) ಮಾದರಿಯನ್ನು ಬಳ್ಳಾರಿಯಲ್ಲಿ ಕೊಳ್ಳುವವರು ಚಿತ್ರದ ಸ್ಪಷ್ಟತೆಗಿಂತ ಮೊದಲು, ಅದರೊಳಗಿರುವುದು ಲಿಥಿಯಂ ಬ್ಯಾಟರಿಯೋ ಸೂಪರ್‌ಕೆಪಾಸಿಟರೋ (ಬ್ಯಾಟರಿಯ ಬದಲು ವಿದ್ಯುತ್ತನ್ನು ತುಸು ಹೊತ್ತು ಹಿಡಿದಿಡುವ ಬಿಡಿಭಾಗ) ಎಂಬುದನ್ನು ವಿಚಾರಿಸಬೇಕು. ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟುವ ಈ ಊರಿನಲ್ಲಿ, ಗಾಜು ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗಿನ ತಾಪ 60 ಡಿಗ್ರಿಯನ್ನೂ ಮೀರಬಲ್ಲದಾದ್ದರಿಂದ, ಬ್ಯಾಟರಿ ಉಬ್ಬಿಕೊಳ್ಳುವ ಅಪಾಯ ಹೆಚ್ಚು. ಸೂಪರ್‌ಕೆಪಾಸಿಟರ್ ಆ ಕಾವನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ನನ್ನ ಕಾರಿನಲ್ಲಿರುವುದು ಈ ಎರಡನೆಯ ಬಗೆಯದು, ಮತ್ತು ಅದರ ಬೆಲೆಯನ್ನು ನಾನು ಒಪ್ಪುವುದು ಮುಖ್ಯವಾಗಿ ಇದೊಂದು ಕಾರಣಕ್ಕೆ.

ಹೊಸಪೇಟೆ ರಸ್ತೆಯಲ್ಲಿ ಹಗಲು ಹೊತ್ತು ಮುಂದಿನ ಲಾರಿಯ ನಂಬರ್ ಪ್ಲೇಟನ್ನು ದೃಶ್ಯದಲ್ಲಿ ಸಲೀಸಾಗಿ ಓದಬಹುದು. ರಾತ್ರಿ ಎದುರು ವಾಹನದ ಹೈಬೀಮ್ ಬಿದ್ದರೆ ಸಂಖ್ಯೆ ಬರೀ ಬಿಳಿ ಕಲೆಯಾಗುತ್ತದೆ; ಅದಿರಿನ ಕೆಂಪು ಧೂಳು ಮೆತ್ತಿಕೊಂಡ ಪ್ಲೇಟನ್ನಂತೂ ಯಾವ 4ಕೆಯೂ ಓದಲಾರದು.

ಪಾರ್ಕಿಂಗ್ ಮೋಡ್ (ಕಾರು ನಿಲ್ಲಿಸಿದ್ದಾಗಲೂ ಚಿತ್ರೀಕರಣ) ಬೇಕೆನ್ನುವವರು ಫ್ಯೂಸ್ ಬಾಕ್ಸಿನಿಂದ ವೈರ್ ಎಳೆಸಿ, ವೋಲ್ಟೇಜ್ ಇಳಿದಾಗ ತಾನೇ ನಿಲ್ಲುವ ಕಿಟ್ ಹಾಕಿಸದಿದ್ದರೆ ಕಾರಿನ ಬ್ಯಾಟರಿಯೇ ಖಾಲಿಯಾದೀತು. ನಗರದೊಳಗೆ ಮಾತ್ರ ಓಡಾಡುವವರಿಗೆ, ಸೂಪರ್‌ಕೆಪಾಸಿಟರ್ ಇರುವ ಸಾಧಾರಣ 1080ಪಿ ಕ್ಯಾಮೆರಾ ಸಾಕು. ಯಾವುದನ್ನೇ ಕೊಂಡರೂ ಹಳೆಯ ದೃಶ್ಯಗಳ ಮೇಲೆ ಹೊಸವು ದಾಖಲಾಗುತ್ತಲೇ ಹೋಗುವುದರಿಂದ, ಅಪಘಾತವಾದ ಕೂಡಲೇ ಕ್ಯಾಮೆರಾದ ಮೆಮೊರಿ ಕಾರ್ಡನ್ನು ತೆಗೆದಿಡಬೇಕು. ಇಂಥ ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಒಪ್ಪಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಮಿನ ಪ್ರಮಾಣಪತ್ರವೂ ಬೇಕಾಗುತ್ತದೆ.